ಅಪ್ಪನ ಯೆಜ್ಡಿ, ಮಗನ ಹೊಸ ಗಾಡಿ

ಬಾಗಲಕೋಟೆಯಿಂದ ಬಾದಾಮಿಗೆ ಹೋಗುವ ರಸ್ತೆಯಲ್ಲಿ ದೂರದಿಂದ ‘ಡುಗು ಡುಗು’ ಸದ್ದು ಕೇಳಿದರೆ ಐವತ್ತು ದಾಟಿದವರ ಕಿವಿ ನೆಟ್ಟಗಾಗುತ್ತದೆ. ಗಾಡಿ ಕಣ್ಣಿಗೆ ಬೀಳುವ ಮೊದಲೇ ಅದು ಯೆಜ್ಡಿ ಎಂದು ಹೇಳಿಬಿಡುತ್ತಾರೆ. ‘ಗಾಡಿ ಹೊಡಿಯೂ ಮಜಾ ಅಂದ್ರ ಅದರಾಗ ಇತ್ತು ನೋಡ್ರಿ’ ಎಂಬ ಮಾತೂ ಅದರ ಹಿಂದೆಯೇ ಬರುತ್ತದೆ. ಮನೆಯ ಹುಡುಗರು ನಗುತ್ತಾರೆ. ಗುಂಡಿ ಒತ್ತಿದರೆ ಹೊರಡುವ ಗಾಡಿ ಬಿಟ್ಟು, ಹೊಗೆ ಉಗುಳುವ ಮುದಿಗಾಡಿಯಲ್ಲಿ ಮಜಾ ಎಂಥದು?

ಮಜಾ ಇದ್ದದ್ದು ನಿಜ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಎಂದೂ 1973ರಿಂದ ಯೆಜ್ಡಿ ಎಂದೂ ತಯಾರಾದ ಈ 250 ಸಿ.ಸಿ. ಗಾಡಿ ಸವಾರನನ್ನು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. ಪೆಟ್ರೋಲಿಗೆ ಆಯಿಲ್ ಅಳೆದು ಬೆರೆಸಬೇಕು. ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ಒಳಕ್ಕೊತ್ತಿ ಮೇಲೆತ್ತಿದರೆ ಕಿಕ್, ಮತ್ತೆ ಮಡಚಿದರೆ ಗೇರು. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು!

ಎಂಜಿನ್ ಟೂ ಸ್ಟ್ರೋಕ್. ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಂದು ಸ್ಫೋಟ. ಫೋರ್ ಸ್ಟ್ರೋಕಿನಲ್ಲಾದರೆ ಎರಡು ಸುತ್ತಿಗೊಂದು. ಹಾಗಾಗಿ ಆಕ್ಸಿಲರೇಟರ್ ತಿರುವಿದೊಡನೆ ಗಾಡಿ ಜವಾಬು ಕೊಡುತ್ತಿತ್ತು. ಹೊರೆಯಿಲ್ಲದೆ ನಿಧಾನ ತಿರುಗುವಾಗ ಸುಟ್ಟ ಹೊಗೆ ಪೂರ್ತಿ ಹೊರಹೋಗದೆ ಕೆಲವು ಸುತ್ತುಗಳಲ್ಲಿ ಬೆಂಕಿ ಹತ್ತುವುದೇ ಇಲ್ಲ. ಹಿರಿಯರು ಮೆಚ್ಚುವ ಆ ‘ಡುಗು ಡುಗು’ ತಾಳ ಹುಟ್ಟುವುದು ಈ ತಪ್ಪಿನಿಂದಲೇ! ಸುಡದ ಪೆಟ್ರೋಲೂ ಒಂದಿಷ್ಟು ಹೊಗೆಯೊಂದಿಗೆ ಗಾಳಿ ಸೇರುತ್ತಿತ್ತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಬೇರೊಂದು ಕಂಪನಿಯ ಮೂಲಕ ಮರಳಿ ಬಂದವು. ಈಗಿನದು ಫೋರ್ ಸ್ಟ್ರೋಕ್, ಆರು ಗೇರು, ಎ.ಬಿ.ಎಸ್. ಬ್ರೇಕು.

ಹಳೆಯ ಗಾಡಿಯ ಇನ್ನೊಂದು ಗುಣವನ್ನು ಯಾರೂ ಹೊಗಳಲಿಲ್ಲ. ಅದು ನಡುಗುತ್ತಿತ್ತು. ಗಂಟೆಗೆ 60 ಕಿ.ಮೀ. ಮುಟ್ಟುವಷ್ಟರಲ್ಲಿ ಹ್ಯಾಂಡಲ್ ಜುಮುಗುಡುವುದು, ಕನ್ನಡಿಯೊಳಗಿನ ರಸ್ತೆ ಕಲಸಿಹೋಗುವುದು, ಕಿವಿ ತುಂಬ ಗಾಳಿ. ‘ಸಾಕು’ ಎಂದು ಮೈಯೇ ಹೇಳುತ್ತಿತ್ತು. ಹೊಸ ಎಂಜಿನ್ನುಗಳು ಬಹಳ ನಯ. ಅನೇಕ ಎಂಜಿನ್ನುಗಳಲ್ಲಿ ನಡುಕವನ್ನು ಅಳಿಸಲೆಂದೇ ಎದುರು ತೂಕದ ದಂಡವೊಂದು ತಿರುಗುತ್ತಿರುತ್ತದೆ. 60ರಲ್ಲಿ ಗಾಡಿ ನಿಂತಂತೆ ಅನಿಸುತ್ತದೆ. ಅಪ್ಪನಿಗೆ 60ರಲ್ಲಿ ಸಿಕ್ಕ ರೋಮಾಂಚನ ಮಗನಿಗೆ ಬೇಕೆಂದರೆ ಮುಳ್ಳು 90 ದಾಟಬೇಕು.

ಇಲ್ಲಿ ಸ್ವಲ್ಪ ಲೆಕ್ಕ. ಅಪಾಯ ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಎಂದುಕೊಳ್ಳೋಣ. ಹಳೆಯ ಡ್ರಮ್ ಬ್ರೇಕು ಪ್ರತಿ ಸೆಕೆಂಡಿಗೆ ವೇಗವನ್ನು ಸೆಕೆಂಡಿಗೆ 5 ಮೀಟರಿನಷ್ಟು, ಹೊಸ ಬ್ರೇಕು 7 ಮೀಟರಿನಷ್ಟು ಇಳಿಸುತ್ತದೆ ಎಂದಿಟ್ಟುಕೊಳ್ಳಿ. 60ರಲ್ಲಿ ಹಳೆಯದು ನಿಲ್ಲಲು ಸುಮಾರು 45 ಮೀಟರ್ ಬೇಕು, ಹೊಸದಕ್ಕೆ 37 ಸಾಕು. ಹೊಸದೇ ಮೇಲು, ತಕರಾರಿಲ್ಲ. ಆದರೆ 90ರಲ್ಲಿ ಅದೇ ಹೊಸ ಗಾಡಿಗೆ 70 ಮೀಟರ್ ಬೇಕು! ವೇಗ ಒಂದೂವರೆ ಪಟ್ಟಾದರೆ ಚಲನಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಒಳ್ಳೆಯ ಬ್ರೇಕು ಕೊಟ್ಟದ್ದನ್ನು ವೇಗ ಬಡ್ಡಿ ಸಮೇತ ಕಿತ್ತುಕೊಂಡಿತು.

ಹುನಗುಂದದಿಂದ ಇಳಕಲ್ಲಿಗೆ ಹೋಗುವ ನಾಲ್ಕು ಪಥದ ಹೆದ್ದಾರಿಯಲ್ಲಿ 90 ಮುಟ್ಟುವುದು ಕಷ್ಟವೇನಲ್ಲ. ಕಬ್ಬು ನುರಿಸುವ ಕಾಲದಲ್ಲಿ ಈ ಜಿಲ್ಲೆಯ ರಸ್ತೆಗಳಲ್ಲಿ ರಾತ್ರಿ ಏನು ಎದುರಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು: ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರ್, ಮೇಲೆ ಗುಡ್ಡದಂತೆ ಕಬ್ಬು, ಹಿಂದೆ ಕೆಂಪು ದೀಪವಿಲ್ಲ. ಡಿಪ್ ಬೆಳಕಿನಲ್ಲಿ ಅದು ಕಾಣುವುದು ನಲವತ್ತೈವತ್ತು ಮೀಟರ್ ಹತ್ತಿರ ಬಂದ ಮೇಲೆ. ಬೇಕಾದದ್ದು 70. ಯೆಜ್ಡಿಯ ಮಂಕು ದೀಪದಲ್ಲಿ ಅಷ್ಟೂ ಕಾಣುತ್ತಿರಲಿಲ್ಲ, ಆದರೆ ಆ ದೀಪ ನೆಚ್ಚಿಕೊಂಡು ಓಡಿಸುವ ಧೈರ್ಯವೂ ಯಾರಿಗಿರಲಿಲ್ಲ.

ಹದಿನೆಂಟು ತುಂಬದವರ ಕೈಗೆ ಗೇರಿನ ಗಾಡಿ ಕೊಟ್ಟರೆ 2019ರ ತಿದ್ದುಪಡಿಯ ಪ್ರಕಾರ ತಂದೆತಾಯಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂಬುದು ಪಾಲಕರಿಗೆ ನೆನಪಿರಲಿ.

ಹೊಸ ಗಾಡಿಯಲ್ಲೂ ಮಜಾ ಸಿಗುವ ರಸ್ತೆಗಳಿವೆ. ಬಾದಾಮಿಯಿಂದ ಮಹಾಕೂಟ, ಪಟ್ಟದಕಲ್ಲುಗಳ ಕಡೆಗೆ ಕೆಂಪು ಬಂಡೆಗಳ ನಡುವೆ ಹೊರಳುವ ದಾರಿಯಲ್ಲಿ ತಿರುವಿಗೊಂದು ಗೇರು ಬದಲಿಸುತ್ತ 40ರಲ್ಲಿ ಹೋಗಿ ನೋಡಬೇಕು. ಕೈಕಾಲಿಗೆ ಕೆಲಸ ಸಿಗುತ್ತದೆ. ಹಿರಿಯರು ಹೇಳುವ ಮಜಾ ಬಹುಮಟ್ಟಿಗೆ ಇದೇ.

ಲೆಕ್ಕದ ಮೇಲೆ ನಂಬಿಕೆ ಬಾರದ ಹುಡುಗರು ಶಾಲೆಯ ಮೈದಾನದಲ್ಲಿ 70 ಮೀಟರ್ ಅಳೆದು, ಒಂದು ತುದಿಯಲ್ಲಿ ಗೆಳೆಯನನ್ನು ನಿಲ್ಲಿಸಿ, ಇನ್ನೊಂದು ತುದಿಯಿಂದ ಅವನತ್ತ ನಡೆದು ಹೋಗಲಿ. ಹೆಜ್ಜೆ ಎಣಿಸಿದರೆ ನೂರರ ಹತ್ತಿರ ಬರುತ್ತದೆ.