ಬಣ್ಣಬಣ್ಣದ ಹಣ್ಣಿನ ಮಂಜುಗಡ್ಡೆ

ಬಿಸಿಲಿನಲ್ಲಿ ಬಂದ ಅತಿಥಿಗೆ ತಣ್ಣನೆಯ ಪಾನಕವೇ ದೊಡ್ಡ ಉಪಚಾರ. ಆದರೆ ಅದರಲ್ಲಿ ಹಾಕಿದ ಮಂಜುಗಡ್ಡೆ ಕರಗಿದಂತೆಲ್ಲ ಪಾನಕವು ನೀರಾಗಿ ಸಪ್ಪೆಯಾಗುವುದುಂಟು. ಹಣ್ಣಿನ ರಸವನ್ನೇ ಮಂಜುಗಡ್ಡೆಯಾಗಿಸಿದರೆ ಈ ಕೊರತೆ ನೀಗುತ್ತದೆ. ಲೋಟಕ್ಕೆ ಬಣ್ಣದ ಸೊಬಗೂ ಬರುತ್ತದೆ.

ಕಲ್ಲಂಗಡಿಯ ರಸ ಕೆಂಪು, ಮಾವಿನದು ಹೊಂಬಣ್ಣ, ಕಪ್ಪು ದ್ರಾಕ್ಷಿಯದು ನೇರಳೆ. ಚೆನ್ನಾಗಿ ತೊಳೆದ ಹಣ್ಣಿನ ರಸವನ್ನು ಸೋಸಿ, ಕುದಿಸಿ ಆರಿಸಿದ ನೀರನ್ನು ಸ್ವಲ್ಪ ಬೆರೆಸಿ, ಅಚ್ಚಿನ ಕುಳಿಗಳಿಗೆ ಹೊಯ್ಯಬೇಕು. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಸುಮಾರು 9ರಷ್ಟು ಹಿಗ್ಗುವುದರಿಂದ ಕುಳಿಗಳನ್ನು ಅಂಚಿನವರೆಗೆ ತುಂಬಬಾರದು. ಸಕ್ಕರೆ ಹೆಚ್ಚಾದರೆ ಗಡ್ಡೆ ಗಟ್ಟಿಯಾಗದು. ಸಿಹಿಯು ಪಾನಕದಲ್ಲಿಯೇ ಇರಲಿ. ಒಂದೇ ಗಡ್ಡೆಯಲ್ಲಿ ಎರಡು ಬಣ್ಣ ಬೇಕಾದರೆ, ಮೊದಲ ಪದರ ಹೆಪ್ಪುಗಟ್ಟಿದ ಮೇಲೆ ಎರಡನೆಯ ರಸವನ್ನು ಹೊಯ್ಯಬೇಕು.

ನೀರನ್ನು ಕುದಿಸುವುದನ್ನು ಮಾತ್ರ ಗೃಹಿಣಿಯರು ಮರೆಯಬಾರದು. ಶೈತ್ಯವು ರೋಗಾಣುಗಳನ್ನೆಲ್ಲ ಕೊಲ್ಲುವುದೆಂಬುದು ತಪ್ಪು ತಿಳಿವಳಿಕೆ. ಹಲವು ರೋಗಾಣುಗಳು ಮಂಜುಗಡ್ಡೆಯಲ್ಲಿಯೂ ಬದುಕಿದ್ದು, ಅದು ಕರಗಿದಾಗ ಪಾನಕವನ್ನು ಸೇರುತ್ತವೆ. ಮೀನು ಮೊದಲಾದವನ್ನು ಕೆಡದಂತಿಡಲು ಬಳಸುವ, ಸೇವನೆಗೆ ಯೋಗ್ಯವಲ್ಲದ ಗಡ್ಡೆಗೆ ನೀಲಿ ಬಣ್ಣ ಬೆರೆಸಬೇಕೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ವಿಧಿಸಿತು. ಮಕ್ಕಳ ಲೋಟದಲ್ಲಿ ಮನೆಯಲ್ಲಿಯೇ ಮಾಡಿದ ಹಣ್ಣಿನ ಬಣ್ಣಗಳು ನಲಿಯಲಿ.