ಬೋರ್ಡ್ ಪೇಂಟರ್‌ನ ಡಬ್ಬಿ, ನಮ್ಮ ಕಾಳು ಪಲ್ಯ

ಅಮೆರಿಕದ ಅರಿಜೋನಾ ರಾಜ್ಯದ ಮೆಸಾ ಊರಿನಲ್ಲಿ ಪೆಡ್ರೊ ಗೆರೆರೊ ಎಂಬ ಪೇಂಟರ್ ಇದ್ದ. ಬೋರ್ಡ್ ಬರೆಯುವುದು ಅವನ ಕಸುಬು. ಕಳೆದ ಶತಮಾನದ ನಡುಭಾಗದಲ್ಲಿ ಬ್ರಷ್ ಬದಿಗಿಟ್ಟು ಮೆಕ್ಸಿಕನ್ ತಿನಿಸು ಮಾರುವ ಕಂಪನಿ ಕಟ್ಟಿದ. ಅದೇ ‘ರೋಸರಿಟಾ’. ಅಮೆರಿಕದ ದಿನಸಿ ಅಂಗಡಿಗಳಲ್ಲಿ ‘ರಿಫ್ರೈಡ್ ಬೀನ್ಸ್’ ಡಬ್ಬಿಗಳ ಮೇಲೆ ಇವತ್ತಿಗೂ ಆ ಹೆಸರಿದೆ. ಮಗನ ಹೆಸರೂ ಪೆಡ್ರೊ. ಅವನು ಕಾಳಿನ ವ್ಯವಹಾರಕ್ಕೆ ಹೋಗದೆ ಕ್ಯಾಮೆರಾ ಹಿಡಿದ. 1939ರಿಂದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್‌ನ ಕಟ್ಟಡಗಳ ಫೋಟೊ ತೆಗೆದು ಪ್ರಸಿದ್ಧನಾದ. ಮಗನ ಮೇಲೆ ಪುಸ್ತಕಗಳಿವೆ, ಅಪ್ಪನ ಪಾಲಿಗೆ ಬಂದದ್ದು ಅಲ್ಲೊಂದು ಇಲ್ಲೊಂದು ಸಾಲು. ನಾಟಕ ಕಂಪನಿಗಳ ಬೋರ್ಡು, ಸಿನಿಮಾ ಪೋಸ್ಟರು ನೋಡುತ್ತಲೇ ಬೆಳೆದ ದಾವಣಗೆರೆಯವನಿಗೆ ಇದು ಅನ್ಯಾಯ ಅನ್ನಿಸದೇ ಇರುತ್ತದೆಯೇ?

ಡಬ್ಬಿಯೊಳಗೆ ಇರುವುದಾದರೂ ಏನು? ಬೇಯಿಸಿ, ಮಸೆದು, ಜಿಡ್ಡಿನಲ್ಲಿ ಬಾಡಿಸಿದ ಪಿಂಟೊ ಕಾಳು. ಪಿಂಟೊ ಬೇರೆ ಲೋಕದ್ದೇನಲ್ಲ. ಅದು, ರಾಜ್ಮಾ ಮತ್ತು ನಾವು ಪಲ್ಯಕ್ಕೆ ಹೆಚ್ಚುವ ಬೀನ್ಸ್ ಮೂರೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಜಾತಿ. ತಕರಾರು ಇರುವುದು ಜಿಡ್ಡಿನ ವಿಷಯದಲ್ಲಿ. ‘ಟ್ರೆಡಿಷನಲ್’ ಎಂದು ಅಚ್ಚಾದ ಎಷ್ಟೋ ಡಬ್ಬಿಗಳಲ್ಲಿ ‘ಲಾರ್ಡ್’ ಇರುತ್ತದೆ, ಅಂದರೆ ಹಂದಿ ಕೊಬ್ಬು. ಯುಬಿಡಿಟಿಯಲ್ಲೋ ಬಿಐಇಟಿಯಲ್ಲೋ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ನಮ್ಮೂರ ಸಸ್ಯಾಹಾರಿ ಮನೆಯ ಹುಡುಗ ‘ಕಾಳು ತಾನೆ’ ಎಂದು ಡಬ್ಬಿ ಎತ್ತಿಕೊಂಡರೆ ಕೆಟ್ಟ. ಅಲ್ಲಿ ನಮ್ಮ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆ ಕಡ್ಡಾಯವಲ್ಲ, ಸಣ್ಣಕ್ಷರದ ಪಟ್ಟಿಯೇ ಗತಿ.

ಆದರೆ ಈ ‘ಸಾಂಪ್ರದಾಯಿಕ’ ಎಷ್ಟು ಹಳೆಯದು? ಮೆಕ್ಸಿಕೊದಲ್ಲಿ ಸಾಕುಹಂದಿಯೇ ಇರಲಿಲ್ಲ. 1519ರಲ್ಲಿ ಸ್ಪೇನಿನ ದಂಡನಾಯಕ ಕೊರ್ಟೆಸ್ ಕಾಲಿಟ್ಟ ಮೇಲೆ ಸ್ಪೇನಿನವರು ತಂದದ್ದು ಅದು. ಅದಕ್ಕೂ ಮೊದಲು ಸಾವಿರಾರು ವರ್ಷ ಅಲ್ಲಿನ ಜನ ಕಾಳನ್ನು ಆ ಕೊಬ್ಬಿಲ್ಲದೆಯೇ ಬೇಯಿಸಿ ಉಂಡಿದ್ದಾರೆ. ಹಾಗಾಗಿ ಲಾರ್ಡ್ ಇಲ್ಲದ ಡಬ್ಬಿ ಹುಡುಕುವ ನಮ್ಮ ಹುಡುಗ, ಗೊತ್ತಿಲ್ಲದೆಯೇ, ಆ ‘ಟ್ರೆಡಿಷನಲ್’ಗಿಂತ ಹಳೆಯ ಸಂಪ್ರದಾಯಕ್ಕೆ ಹತ್ತಿರವಾಗಿದ್ದಾನೆ. ಈ ಒಂದು ಸಂಗತಿಗಾಗಿಯೇ ನಾನು ಇಷ್ಟೆಲ್ಲ ಕೆದಕಿದ್ದು.

ಕೆದಕುತ್ತ ಹೋದರೆ ದಾವಣಗೆರೆಯ ಊಟದಲ್ಲಿ ಅರ್ಧ ಮೆಕ್ಸಿಕೊ ಸಿಗುತ್ತದೆ. ಮಂಡಕ್ಕಿಗೆ ಜೊತೆಯಾಗುವ ಮಿರ್ಚಿಯ ಮೆಣಸಿನಕಾಯಿ ಅಲ್ಲಿಯದು, ಪೋರ್ಚುಗೀಸರ ಹಡಗಿನಲ್ಲಿ ಈ ಕಡೆ ಬಂತು. ಮೆಕ್ಕೆಜೋಳ ಅಲ್ಲಿಯದು. ಸುಗ್ಗಿಯಲ್ಲಿ ಹರಿಹರದ ಸುತ್ತಿನ ಸಾರಥಿಯಂಥ ಊರುಗಳ ಕಡೆ ಹೋಗಿ ನೋಡಿ, ಡಾಂಬರು ರಸ್ತೆಯ ಮೇಲೇ ಅದು ಒಣಗುತ್ತಿರುತ್ತದೆ. ಬೆಳೆ ಬಂತು, ಅಡುಗೆ ಬರಲಿಲ್ಲ. ಮೆಕ್ಸಿಕೊದವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ರೊಟ್ಟಿ ತಟ್ಟುತ್ತಾರೆ. ಅದರಿಂದ ಕಾಳಿನ ಸಿಪ್ಪೆ ಬಿಡುತ್ತದೆ, ಅದರಲ್ಲಿರುವ ನಯಾಸಿನ್ ಎಂಬ ವಿಟಮಿನ್ ಮೈಗೆ ದಕ್ಕುತ್ತದೆ. ಎಲೆಯಡಿಕೆಗೆ ದಿನಾ ಸುಣ್ಣ ಹಚ್ಚುವ ನಮಗೆ ಈ ವಿದ್ಯೆ ಮಾತ್ರ ದಾಟಿ ಬರಲಿಲ್ಲ. ಇಲ್ಲಿನ ಮೆಕ್ಕೆಜೋಳ ಹೆಚ್ಚಾಗಿ ಕೋಳಿಗಳ ಹೊಟ್ಟೆಗೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ರೊಟ್ಟಿಯೂ ಮಸೆದ ಕಾಳೂ ಕೂಡಿದ ಮೆಕ್ಸಿಕನ್ ಊಟ ಕೊನೆಗೆ ಅಮೆರಿಕ ಸುತ್ತಿ, ಕಂಪನಿಯ ಬೋರ್ಡ್ ಹೊತ್ತು ಬಂತು. 2010ರಲ್ಲಿ ಟಾಕೊ ಬೆಲ್ ಭಾರತದ ಮೊದಲ ಅಂಗಡಿ ತೆರೆದದ್ದು ಬೆಂಗಳೂರಿನ ಮಂತ್ರಿ ಮಾಲ್‌ನಲ್ಲಿ.

ಡಬ್ಬಿ ಕೊಳ್ಳುವವರಿಗೆ ಎರಡು ಮಾತು. ಎದುರಿನ ಚಿತ್ರ ಬಿಡಿ, ಹಿಂದಿನ ಪಟ್ಟಿ ಓದಿ. ‘ವೆಜಿಟೇರಿಯನ್’ ಎಂದಿರಬೇಕು, ಲಾರ್ಡ್ ಇರಬಾರದು, ಉಪ್ಪಿನ ಲೆಕ್ಕವನ್ನೂ ನೋಡಬೇಕು. ಅರ್ಧ ಕಪ್ಪಿಗೆ 500 ಮಿಲಿಗ್ರಾಂ ಆಸುಪಾಸು ಸೋಡಿಯಂ ಇರುವುದುಂಟು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹಾಕಿರುವ ಮಿತಿಯೇ 2,000. ಉಬ್ಬಿದ ಡಬ್ಬಿಯನ್ನು ಮುಟ್ಟಲೇಬೇಡಿ, ಬೊಟುಲಿಸಂ ಜೀವ ತೆಗೆಯುವ ಕಾಯಿಲೆ.

ತೆರೆದಾಗ ಕಂದು ಮುದ್ದೆ ಡಬ್ಬಿಯ ಗೆರೆಗಳನ್ನು ಮೈಮೇಲೆ ಹೊತ್ತುಕೊಂಡೇ ಜಾರಿ ಬೀಳುತ್ತದೆ. ನೋಡಲು ಚೆಂದವಿಲ್ಲ. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ. ಘಮ ಬಂದ ಮೇಲೆ ಮುದ್ದೆ ಸೇರಿಸಿ. ಸೌಟಿನ ಬೆನ್ನಿನಿಂದ ಒತ್ತುತ್ತ ಸ್ವಲ್ಪ ಸ್ವಲ್ಪವೇ ಬಿಸಿನೀರು ಬಿಡಿ. ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಾಗ ಇಳಿಸಿ, ನಿಂಬೆಹಣ್ಣು ಹಿಂಡಿ. ಉಪ್ಪು ಬೇಡ. ಉಳಿದದ್ದನ್ನು ಸ್ಟೀಲ್ ಡಬ್ಬಿಗೆ ಬಗ್ಗಿಸಿ ಫ್ರಿಜ್‌ನಲ್ಲಿಡಿ, ಮೂರು ದಿನದೊಳಗೆ ಮುಗಿಸಿ.

ಇಷ್ಟಾದರೂ ನನ್ನ ಸಿಟ್ಟು ಇಳಿದಿಲ್ಲ. ಜೋಳದ ರೊಟ್ಟಿ, ಮಡಿಕೆ ಕಾಳು, ಅಲಸಂದೆ, ಶೇಂಗಾ ಚಟ್ನಿಯ ನಾಡಿನಲ್ಲಿ ಆಮದಾದ ಡಬ್ಬಿಗೆ ದುಬಾರಿ ಬೆಲೆ ತೆತ್ತು, ಮನೆಯ ಕಾಳು ಪಲ್ಯಕ್ಕೆ ಮೂಗು ಮುರಿಯುವವರನ್ನು ನೋಡಿದ್ದೇನೆ. ಅಮೆರಿಕದ ಡೆನ್ವರಿನ ಚಳಿಯಲ್ಲಿ ಕೆಲಸ ಮುಗಿಸಿ ಬಂದವನಿಗೆ ಡಬ್ಬಿ ಸರಿ. ಇಲ್ಲಿರುವವರು ರಾಜ್ಮಾ ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿದರೆ ಸಾಕು. ಅರೆಬೆಂದ ರಾಜ್ಮಾ ವಾಂತಿ ತರಿಸುತ್ತದೆ, ಕುಕ್ಕರಿನ ವಿಷಯದಲ್ಲಿ ಜಿಪುಣತನ ಬೇಡ. ಬೇಯಿಸಿದ ನೀರನ್ನೇ ಬಿಡುತ್ತ ಮಸೆಯಿರಿ. ಜಿಡ್ಡಿಗೆ ನಮ್ಮೂರ ಬೆಣ್ಣೆ ಹಾಕಿ. ಪೇಂಟರ್ ಗೆರೆರೊನ ಮೇಲೆ ನನಗೆಷ್ಟೇ ಪ್ರೀತಿ ಇದ್ದರೂ, ಡಬ್ಬಿಗಿಂತ ಇದೇ ರುಚಿ.