ಬೈಲಹೊಂಗಲ ಯಾಕೆ ಸಿಗಲಿಲ್ಲ?

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ನಮ್ಮ ಭಾಗದ ನಾಲ್ಕು ಊರುಗಳ ಅಂಕಪಟ್ಟಿ ಒಟ್ಟುಗೂಡಿಸುವ ಪ್ರೋಗ್ರಾಮನ್ನು ಪೈಥಾನ್ ಭಾಷೆಯಲ್ಲಿ ಬರೆದಿದ್ದ. ‘ಸರ್, ಕಿತ್ತೂರು, ಸವದತ್ತಿ ಸಿಗ್ತಾವ್ರಿ. ಬೈಲಹೊಂಗಲ, ರಾಮದುರ್ಗ ಸಿಗಂಗಿಲ್ರಿ’ ಎಂದ. ಜೊತೆಗಿದ್ದ ತಂದೆ, ‘ಎರಡು ದಿನಾತ್ರಿ, ಸರಿಯಾಗಿ ಊಟಾ ಮಾಡಿಲ್ಲ. ಇದು ಇವನ ಕೈಲೆ ಆಗೂದಿಲ್ಲಂದ್ರ ಕಾಲೇಜು ಬಿಡಿಸಿಬಿಡ್ಲೇನ್ರಿ?’ ಎಂದರು.

ಹುಡುಗ ದಡ್ಡನಲ್ಲ. ತಪ್ಪು ಇದ್ದದ್ದು ಒಂದು ಓರೆಗೆರೆಯಲ್ಲಿ.

ಲ್ಯಾಬಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ, ಒಂದರಲ್ಲಿರುವ ಕಡತಗಳನ್ನು ಎಲ್ಲರೂ ಬಳಸುವಂತೆ ಮಾಡುವುದಕ್ಕೆ ‘ನೆಟ್‌ವರ್ಕ್ ಶೇರ್’ ಎನ್ನುತ್ತಾರೆ. ಅಂಚೆ ಕಾಗದದಂತೆ ಆ ಕಡತಕ್ಕೂ ವಿಳಾಸ ಬೇಕು. ವಿಂಡೋಸ್‌ನಲ್ಲಿ ಅದು \\ಸರ್ವರ್\ಅಂಕಪಟ್ಟಿ\ಕಿತ್ತೂರು ಎಂದಿರುತ್ತದೆ. ಮೊದಲು ಯಂತ್ರದ ಹೆಸರು, ನಂತರ ಹಂಚಿಕೊಂಡ ಫೋಲ್ಡರು, ಕೊನೆಗೆ ಅದರೊಳಗಿನದು. ನಡುವೆ ಇರುವ ಗೆರೆಯೇ ‘ಬ್ಯಾಕ್‌ಸ್ಲ್ಯಾಷ್’.

ಯುನಿಕ್ಸ್‌ನಲ್ಲೂ ಅದೇ ದಾರಿ ಹಿಡಿದ ಲಿನಕ್ಸ್‌ನಲ್ಲೂ ಬಳಸುವುದು ‘/’ ಗೆರೆ. 1981ರ ಮೊದಲ ಡಾಸ್‌ನಲ್ಲಿ ಫೋಲ್ಡರುಗಳೇ ಇರಲಿಲ್ಲ. ‘/’ ಗೆರೆ ಬೇರೆ ಕೆಲಸಕ್ಕೆ ಬಳಕೆಯಾಗಿತ್ತು. 1983ರ ಎರಡನೆಯ ಆವೃತ್ತಿಯಲ್ಲಿ ಫೋಲ್ಡರುಗಳು ಬಂದಾಗ ‘\’ ಗೆರೆಯನ್ನು ಆರಿಸಿಕೊಂಡರು. ವಿಂಡೋಸ್‌ಗೆ ಅದೇ ಬಳುವಳಿ.

ಆದರೆ 1970ರ ದಶಕದ ಸಿ ಭಾಷೆಯಲ್ಲಿ ‘\’ಗೆ ಬೇರೆಯೇ ಅರ್ಥವಿತ್ತು: ‘ಇದರ ಮುಂದಿನ ಅಕ್ಷರವನ್ನು ಆಜ್ಞೆ ಎಂದು ತಿಳಿ’. ಪೈಥಾನ್ ಪಾಲಿಸುವುದೂ ಇದನ್ನೇ. ಇಂಗ್ಲಿಷಿನ ಸಣ್ಣ ‘ಬಿ’ ಅಕ್ಷರ ಬಂದರೆ ‘ಒಂದು ಹೆಜ್ಜೆ ಹಿಂದೆ ಸರಿ’ ಎಂದು. ‘ಆರ್’ ಬಂದರೆ ‘ಸಾಲಿನ ಆರಂಭಕ್ಕೆ ಹೋಗು’ ಎಂದು. ಟೈಪಿಂಗ್ ಕಲಿತ ಪಾಲಕರಿಗೆ ಈ ಎರಡೂ ಗೊತ್ತು! ಹೀಗೆ ಬೈಲಹೊಂಗಲ, ರಾಮದುರ್ಗಗಳ ಮೊದಲಕ್ಷರಗಳು ಆಜ್ಞೆಗಳಾಗಿ ಮಾಯವಾದವು. ‘ಕೆ’, ‘ಎಸ್’ ಅಕ್ಷರಗಳಿಗೆ ಅಂಥ ಅರ್ಥವಿಲ್ಲದ್ದರಿಂದ ಕಿತ್ತೂರು, ಸವದತ್ತಿ ಪಾರಾದವು.

‘\’ ಗೆರೆಯನ್ನು ಎರಡೆರಡು ಸಲ ಬರೆದರೆ ವಿಂಡೋಸ್‌ನಲ್ಲಿ ಕೆಲಸವಾಗುತ್ತದೆ. ಆದರೆ ಅದೇ ಪ್ರೋಗ್ರಾಮು ಲಿನಕ್ಸ್‌ನಲ್ಲಿ ನಡೆಯದು. ಕಾಸರಗೋಡಿನ ಕನ್ನಡ ಮಾಧ್ಯಮದ ಸರಕಾರಿ ಪ್ರೌಢಶಾಲೆಗಳಲ್ಲಿ ಮಕ್ಕಳು ಕಲಿಯುವುದು ಲಿನಕ್ಸ್‌ನಲ್ಲೇ. ನಮ್ಮ ಹುಡುಗನ ಪ್ರೋಗ್ರಾಮು ಅವರಿಗೂ ಉಪಯೋಗವಾಗಬೇಡವೇ?

ಅದಕ್ಕೆ ವಿದ್ಯಾರ್ಥಿಗಳು ಮೂರು ಮಾತು ನೆನಪಿಡಬೇಕು. ಒಂದು, ವಿಳಾಸದ ತುಂಡುಗಳನ್ನು ಕೈಯಿಂದ ಅಂಟಿಸಬೇಡಿ. ಪೈಥಾನ್‌ನಲ್ಲಿ 2014ರಿಂದ ಇರುವ ‘ಪಾಥ್‌ಲಿಬ್’ಗೆ ಆ ಕೆಲಸ ಒಪ್ಪಿಸಿ. ಎರಡು, ಲಿನಕ್ಸ್‌ನಲ್ಲಿ ಶೇರನ್ನು ಸಾಮಾನ್ಯವಾಗಿ ಆಯಾ ಯಂತ್ರದ ಒಂದು ಫೋಲ್ಡರಿಗೆ ಜೋಡಿಸಿರುತ್ತಾರೆ. ಆದ್ದರಿಂದ ವಿಳಾಸದ ಮೊದಲ ಭಾಗವನ್ನು ಪ್ರೋಗ್ರಾಮಿನ ಹೊರಗೆ, ಯಂತ್ರಕ್ಕೆ ತಕ್ಕಂತೆ ಬದಲಿಸಲು ಬರುವ ಹಾಗೆ ಬರೆದಿಡಿ. ಮೂರು, ಹೆಸರು ಎಲ್ಲ ಕಡೆಗೂ ಒಂದೇ ಇರಲಿ. ಲಿನಕ್ಸ್‌ಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಇನ್ನು ಸವದತ್ತಿಯೂ ಸೌಂದತ್ತಿಯೂ ಒಂದೇ ಊರೆಂದು ನಮಗೆ ಗೊತ್ತು, ಯಾವ ಯಂತ್ರಕ್ಕೂ ಗೊತ್ತಿಲ್ಲ!

ಅರ್ಧ ಗಂಟೆಯಲ್ಲಿ ನಾಲ್ಕೂ ಊರು ಸಿಕ್ಕವು. ಪಾಲಕರೇ, ಮಕ್ಕಳು ‘ಆಗಂಗಿಲ್ಲ’ ಎಂದಾಗ ಬೈಯಬೇಡಿ, ಕಾಲೇಜು ಬಿಡಿಸುವ ಮಾತನ್ನೂ ಎತ್ತಬೇಡಿ. ‘ಯಾವುದು ಆಗೇತಿ, ಯಾವುದು ಆಗಿಲ್ಲ?’ ಎಂದು ಕೇಳಿ. ಕಿತ್ತೂರು ಸಿಕ್ಕು ಬೈಲಹೊಂಗಲ ಸಿಗದಿದ್ದದ್ದರಲ್ಲೇ ಉತ್ತರವೂ ಇತ್ತು.